ವೇದಿಕೆ ಹತ್ತಿದ ಮಗ್ಗ

ಮೂರು ಲಾಳಿ ಸೀರೆ ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ. ಒಡಲಿನ ಲಾಳಿ, ಎಡ ಅಂಚಿನ ಲಾಳಿ ಎರಡೂ ಮಗ್ಗದಲ್ಲಿ ಕೂತವರದು. ಬಲ ಅಂಚಿನ ಲಾಳಿ ಅವರ ಪಕ್ಕದಲ್ಲಿ ಕೂತವರದು. ನಮ್ಮ ಮನೆಯಲ್ಲಿ ಆ ಪಕ್ಕದವಳು ನಾನು. ಒಡಲಿನ ಎಳೆ ನನ್ನ ಕಡೆ ಬಂದಾಗಲೆಲ್ಲ ಅದಕ್ಕೆ ಅಂಚಿನ ಎಳೆಯನ್ನು ಕೊಕ್ಕೆ ಹಾಕಿ ಹಿಡಿದು ವಾಪಸು ಕಳಿಸಬೇಕು. ಕೊಕ್ಕೆ ತಪ್ಪಿದರೆ ಒಡಲಿಗೂ ಅಂಚಿಗೂ ಮಧ್ಯೆ ಸಂದು ಬೀಳುತ್ತದೆ. ಉಟ್ಟು ನಾಲ್ಕು ಸಲ ಕೂತೆದ್ದರೆ ಸೀರೆ ಅಲ್ಲೇ ಬಾಯಿ ಬಿಡುತ್ತದೆ. ಈ ಕೆಲಸ ಮಾಡಿ ಮಾಡಿ ನನಗೆ ಎಲ್ಲದರಲ್ಲೂ ಸಂದು ಹುಡುಕೋ ಚಾಳಿ ಹತ್ತಿದೆ ಅಂತ ನಮ್ಮನೆಯವರು ರೇಗಿಸುತ್ತಾರೆ. ಇದ್ದರೂ ಇರಬಹುದು.

ಅದಕ್ಕೇ ಇರಬೇಕು, ಪಕ್ಷದ ತಾಲ್ಲೂಕು ಮುಖಂಡ ಒಂದು ಬೆಳಿಗ್ಗೆ ಹಲ್ಲು ಕಿರಿದುಕೊಂಡು ನಮ್ಮ ಬಾಗಿಲಿಗೆ ಬಂದಾಗ, ಕೂತ್ಕೊಳ್ಳಿ ಅನ್ನೋ ಮೊದಲೇ ನನಗೆ ಅನುಮಾನ ಬಂತು. ಚುನಾವಣೆ ಮುಗಿದ ಮೇಲೆ ನಮ್ಮ ಬೀದಿಗೆ ತಲೆ ಹಾಕದವನು ಆತ.

"ಚಳ್ಳಕೆರೇಲಿ ಸಮಾವೇಶ ಐತಮ್ಮ," ಅಂದ. "ದೊಡ್ಡ ಸಾಹೇಬ್ರು ಬರ್ತಾರೆ. ವೇದಿಕೆ ಮೇಲೆ ಒಂದು ಮಗ್ಗ ಇಡೋಣ ಅಂತ ತೀರ್ಮಾನ ಆಗೈತೆ. ನೀವು ಗಂಡ ಹೆಂಡ್ತಿ ನೇಯ್ತಾ ಇರ್ರಿ. ಸಾಹೇಬ್ರು ಬಂದು ಕೂತು ಎರಡು ಸಲ ಲಾಳಿ ಹಾಕ್ತಾರೆ. ಮೊಳಕಾಲ್ಮೂರು ಸೀರೆ ಅಂದ್ರೆ ನಮ್ಮ ಹೆಮ್ಮೆ ಅಲ್ವಾ?"

ನಮ್ಮನೆಯವರು ಆಗಲೇ ಗೋಣು ಆಡಿಸೋಕೆ ಶುರು ಮಾಡಿದ್ದರು. ನಾನು ಕೇಳಿದೆ: "ನಮ್ಮನ್ನೇ ಯಾಕೆ ಹುಡುಕ್ಕೊಂಡು ಬಂದ್ರಿ?"

"ನೀವು ನಮ್ಮೋರು ಅಂತ."

ಈ "ನಮ್ಮೋರು" ಅನ್ನೋದರ ಕಥೆ ಇಷ್ಟು. ನಮ್ಮೂರ ಬೋರಿನ ನೀರು ಗಡಸು. ಅದರಲ್ಲಿ ರೇಷ್ಮೆಗೆ ಬಣ್ಣ ಕಟ್ಟಿದರೆ ಒಂದು ಕಡೆ ಗಾಢ, ಇನ್ನೊಂದು ಕಡೆ ಬಿಳಿಚು. ಹಾಗಾಗಿ ನೂಲನ್ನು ಗಡಿ ದಾಟಿಸಿ ಆಂಧ್ರದ ಕಡೆಯಿಂದ ಬಣ್ಣ ಮಾಡಿಸಿ ತರಬೇಕು. ಒಂದು ಸಲ ಬಂದ ಬಣ್ಣ ಇನ್ನೊಂದು ಸಲ ಬರೋದಿಲ್ಲ. ಹೋದ ಚುನಾವಣೆಯಲ್ಲಿ ಇದೇ ದೊಡ್ಡ ಸಾಹೇಬರು ನಮ್ಮ ಬೀದಿಗೆ ಬಂದು, ಬಣ್ಣದ ಮನೆ ಕಟ್ಟಿಸಿ ಸಿಹಿನೀರಿನ ಪೈಪು ಎಳೆಸ್ತೀನಿ ಅಂದರು. ನಾನು ಆರತಿ ಎತ್ತಿದೆ. ಎತ್ತಿದ್ದಷ್ಟೇ ಅಲ್ಲ, ಮನೆಮನೆಗೆ ಹೋಗಿ ಹೆಂಗಸರನ್ನೆಲ್ಲ ಒಪ್ಪಿಸಿದೆ. ಗೆದ್ದರು. ಬಣ್ಣದ ಮನೆಯೂ ಎದ್ದಿತು. ಸುಣ್ಣ ಬಣ್ಣ ಆಯಿತು, ಹೆಸರಿನ ಕಲ್ಲು ನಿಂತಿತು, ನಲ್ಲಿಯನ್ನೂ ಕೂಡಿಸಿದರು. ನೀರು ಮಾತ್ರ ಬರಲಿಲ್ಲ. ಈಗ ಮಧ್ಯಾಹ್ನದ ಹೊತ್ತು ಅದರ ನೆರಳಲ್ಲಿ ಮೇಕೆಗಳು ಮಲಗುತ್ತವೆ. ಬೀದಿಯ ಹೆಂಗಸರು ನನ್ನನ್ನು ಕಂಡರೆ, "ನಿನ್ ಸಾಹೇಬ್ರು ಯಾವಾಗ ಬರ್ತಾರೆ ನೀರು ಬಿಡೋಕೆ?" ಅಂತಾರೆ. ತಮಾಷೆಗೆ ಅನ್ನೋದು. ಆದರೂ ನಾನು ತಲೆ ತಗ್ಗಿಸಿಕೊಂಡೇ ದಾಟುತ್ತೇನೆ.

ಅವತ್ತು ಸಂಜೆ ಅದೇ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು, ಹೋಗೋದು ಬೇಡ ಅಂತಿದ್ದ ನನ್ನ ಬಾಯಿ ಮುಚ್ಚಿಸಿದರು. ಅರ್ಜಿ ಕೊಟ್ಟಾಯಿತು, ತಾಲ್ಲೂಕು ಕಚೇರಿಗೆ ಅಲೆದಾಯಿತು, ಉದ್ಘಾಟನೆ ಆದಮೇಲೆ ಸಾಹೇಬರ ಮುಖ ಕಾಣಲಿಲ್ಲ. ಈಗ ಅವರೇ ಬಂದು ಪಕ್ಕದಲ್ಲಿ ಕೂರುತ್ತಾರಂತೆ. ಒಂದು ನಿಮಿಷ ಸಿಕ್ಕರೆ ಸಾಕು, ಕೇಳು. ಓಟು ಹಾಕಿಸಿದವಳು ನೀನೇ, ಕೇಳೋದೂ ನೀನೇ. ಒಪ್ಪಿಕೊಂಡೆ.

ಒಪ್ಪಿದ ಮೇಲೆ ಕೆಲಸದ ಕಷ್ಟ ಶುರುವಾಯಿತು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯೋದು. ನೆಲದ ತಂಪಿಗೆ ರೇಷ್ಮೆ ಮೆತ್ತಗಿರುತ್ತದೆ. ಇದನ್ನು ಕಿತ್ತು ಒಯ್ಯೋದು ಆಗದ ಮಾತು. ನೇಕಾರರ ಸೊಸೈಟಿಯಲ್ಲಿ ಪ್ರದರ್ಶನಕ್ಕೆ ಅಂತ ಇಟ್ಟಿದ್ದ ಮರದ ಚೌಕಟ್ಟಿನ ಮಗ್ಗ ಒಂದಿತ್ತು, ಅದನ್ನು ಕೇಳಿ ಇಸ್ಕೊಂಡೆವು. ಅದಕ್ಕೆ ಹಾಸು ಬೇಕು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು. ಹೊಸದಾಗಿ ಹಾಸು ಹೂಡಿ ಒಂದೊಂದೇ ಎಳೆ ಬೆಸೆಯೋಕೆ ಸಮಯ ಇರಲಿಲ್ಲ.

ಮುಖಂಡನಿಗೆ ಹೇಳಿದರೆ, "ಯಾವ್ದಾದ್ರೂ ದಾರ ಕಟ್ರಮ್ಮ. ಕೆಳಗೆ ಕೂತ ಜನಕ್ಕೆ ದಾರ ಯಾವ್ದು ರೇಷ್ಮೆ ಯಾವ್ದು ಅಂತ ಕಾಣ್ತೈತಾ?" ಅಂದ.

ಮೈಯೆಲ್ಲ ಉರಿದುಹೋಯಿತು ನನಗೆ. ನಲ್ಲಿ ಹಾಕಿ ನೀರು ಬಿಡದವರ ಬುದ್ಧಿ ಇಲ್ಲೂ ಅದೇ. ಆ ಸಿಟ್ಟಲ್ಲೇ ನಾನು ಒಂದು ತೀರ್ಮಾನಕ್ಕೆ ಬಂದೆ. ನಮ್ಮ ಕುಣಿ ಮಗ್ಗದ ಮೇಲೆ ಆಗ ಒಂದು ಮದುವೆ ಸೀರೆ ಅರ್ಧ ಆಗಿತ್ತು. ರಾಂಪುರದ ಕಿರಾಣಿ ವ್ಯಾಪಾರದ ಮನೆಯವರು ಮಗಳಿಗೆ ಅಂತ ಹೇಳಿ ಮಾಡಿಸುತ್ತಿದ್ದದ್ದು. ಈರುಳ್ಳಿ ಸಿಪ್ಪೆ ಬಣ್ಣದ ಒಡಲು, ನೇರಳೆ ಜರಿ ಅಂಚು. ಆ ಹಾಸನ್ನೇ ಉರುಳೆ ಸಮೇತ ಎತ್ತಿ ಚೌಕಟ್ಟಿನ ಮಗ್ಗಕ್ಕೆ ಹಾಕೋಣ ಅಂದೆ.

ನಮ್ಮನೆಯವರು ಬೆಚ್ಚಿದರು. "ಹೆಣ್ಣು ಮಗಳ ಧಾರೆ ಸೀರೆ. ಅದನ್ನ ಬಯಲಿಗೆ ಒಯ್ಯೋದಾ? ಹೆಚ್ಚು ಕಮ್ಮಿ ಆದ್ರೆ ಆ ಬಣ್ಣದ ನೂಲು ಮತ್ತೆ ಎಲ್ಲಿ ತರ್ತೀಯ?"

"ಬರೀ ದಾರ ಕಟ್ಕೊಂಡು ಕೂತ್ರೆ ಅವರ ನಾಟಕದಾಗೆ ನಮ್ಮದೂ ಒಂದು ಪಾರ್ಟು ಆಗ್ತೈತೆ ಅಷ್ಟೇ. ನಿಜವಾದ ಸೀರೆ ನೇಯ್ತಾ ನಿಜವಾದ ಮಾತು ಕೇಳೋಣ."

"ಆ ಒಂದು ಮಾತಿಗೆ ಸೀರೆ ಒತ್ತೆ ಇಡ್ತೀಯ ನೀನು."

"ಹೂಂ, ಇಡ್ತೀನಿ."

ರಾಂಪುರಕ್ಕೆ ಫೋನು ಮಾಡಿ ಮದುವಣಗಿತ್ತಿಯ ತಾಯಿಗೆ ತಿಳಿಸಿದೆ. ಆಯಮ್ಮ ಹಿಂದೆ ಮುಂದೆ ನೋಡದೆ ಆಗಲಿ ಅಂದರು. ಎರಡನೇ ಸಲ ಕೇಳಿದರೂ ಆಗಲಿ ಅಂದರು. ಇಷ್ಟು ಸುಲಭಕ್ಕೆ ಯಾಕೆ ಒಪ್ಪಿದರು ಅಂತ ಅದೂ ನನಗೆ ಅನುಮಾನವೇ.

ಹಾಸು ಇಳಿಸೋದಕ್ಕೆ ನಾವಿಬ್ಬರೇ ಕೂತೆವು. ನೇಯ್ದ ಭಾಗವನ್ನು ಮುಂದಿನ ಉರುಳೆಗೆ ಸುತ್ತಿ, ನೇಯದ ಎಳೆಗಳನ್ನು ಹಿಂದಿನ ಉರುಳೆಗೆ ಸುತ್ತಿ, ಎಳೆಗಳನ್ನು ಬಾಚಣಿಗೆ ಹಾಗೆ ಬಿಡಿಬಿಡಿಯಾಗಿ ಹಿಡಿಯೋ ನಡುವಿನ ಹಣಿಗೆಯನ್ನು ಬಿದಿರು ಕಡ್ಡಿ ಕೊಟ್ಟು ಅಲುಗಾಡದಂತೆ ಕಟ್ಟಿದೆವು. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಎಲ್ಲವನ್ನೂ ಸುತ್ತಿದೆವು. ಲಗೇಜ್ ಗಾಡಿಯ ಹಿಂದೆ ಕೂತು, ಚಳ್ಳಕೆರೆ ಸೇರೋವರೆಗೂ ಹಣಿಗೆಯನ್ನು ನಾನು ತೊಡೆಯ ಮೇಲಿಂದ ಇಳಿಸಲಿಲ್ಲ. ಕೊಂಡ್ಲಹಳ್ಳಿ ದಾಟೋ ಹೊತ್ತಿಗೆ ಬಟ್ಟೆ ಒಣಗಿತ್ತು. ಗಾಡಿ ನಿಲ್ಲಿಸಿ ಮತ್ತೆ ನೀರು ಚಿಮುಕಿಸಿದೆವು.

ಸಮಾವೇಶದ ಬಯಲಲ್ಲಿ ವೇದಿಕೆಯ ಎಡಮೂಲೆ ನಮ್ಮದು. ನಡುವೆ ದೊಡ್ಡವರ ಸೋಫಾಗಳು, ಹಿಂದೆ ಸಾಹೇಬರ ಮುಖ ತುಂಬಿದ ಪರದೆ. ಮಗ್ಗ ಕೂಡಿಸಿ, ಹಾಸು ಬಿಗಿದು, ನಾಲ್ಕು ಎಳೆ ನೇಯ್ದು ನೋಡಿದೆವು. ಸರಿ ಬಂತು. ಆಮೇಲೆ ಸೋಫಾ ಕಡೆಗೆ ಅಂತ ಇಟ್ಟಿದ್ದ ದೊಡ್ಡ ಫ್ಯಾನನ್ನು ಹಾಕಿದರು. ಅದರ ಗಾಳಿ ಸೀದಾ ನಮ್ಮ ಹಾಸಿನ ಮೇಲೆ. ಜೊತೆಗೆ ಚಳ್ಳಕೆರೆಯ ಬಯಲು ಗಾಳಿ ಬೇರೆ. ಸ್ವಲ್ಪ ಹೊತ್ತಿಗೆ ರೇಷ್ಮೆ ಒಣಗಿ ಎಳೆಗಳು ಪಟ್ ಪಟ್ ಅಂತ ಹರಿಯತೊಡಗಿದವು. ನಮ್ಮನೆಯವರು ಲಾಳಿ ನಿಲ್ಲಿಸಿದರು. ನಾನು ಹರಿದ ಒಂದೊಂದು ಎಳೆಯನ್ನೂ ಹುಡುಕಿ, ತುಂಡು ರೇಷ್ಮೆ ಸೇರಿಸಿ ಗಂಟು ಹಾಕುತ್ತಾ ಹೋದೆ. ಹಾಕಿ ಮುಗಿಸೋ ಹೊತ್ತಿಗೆ ಇನ್ನೊಂದು ಕಡೆ ಹರಿಯೋದು.

"ಫ್ಯಾನು ಈ ಕಡೆ ತಿರುಗ್ಸಬೇಡ್ರಿ," ಅಂತ ಮುಖಂಡನಿಗೆ ಹೇಳಿದೆ.

"ಸಾಹೇಬ್ರಿಗೆ ಸೆಕೆ ಆಗಲ್ವಾ? ನೀವು ಸುಮ್ನೆ ಕೂತಿರ್ರಿ. ಅವರು ಬಂದಾಗ ಕೈ ಆಡ್ಸಿದ್ರೆ ಸಾಕು."

ನಾನು ನನ್ನ ಟವೆಲನ್ನೂ ನಮ್ಮನೆಯವರ ಟವೆಲನ್ನೂ ನೆನೆಸಿ ಹಾಸಿನ ಕೆಳಗೆ ಕಟ್ಟಿದೆ. ಮುಖಂಡ ಹೊದಿಸಿ ಹೋಗಿದ್ದ ಪಕ್ಷದ ಶಲ್ಯವನ್ನೂ ನೆನೆಸಿ ಕಟ್ಟಿದೆ. ಆಮೇಲೆ ಎಳೆ ಹರಿಯೋದು ಕಮ್ಮಿಯಾಯಿತು. ಆ ಶಲ್ಯದಿಂದ ಆದ ಉಪಕಾರ ಅಷ್ಟು.

ಬಸ್ಸುಗಳು ಬಂದು ನಿಲ್ಲತೊಡಗಿದವು. ನಾಯಕನಹಟ್ಟಿ ಕಡೆಯಿಂದ, ಹಿರಿಯೂರು ಕಡೆಯಿಂದ, ನಮ್ಮ ಕಡೆಯಿಂದ. ಇಳಿದವರಿಗೆ ಟೋಪಿ, ಚಿತ್ರಾನ್ನದ ಪೊಟ್ಟಣ. ಇವರಲ್ಲಿ ತಾವಾಗೇ ಬಂದವರು ಯಾರು, ಕರೆತಂದವರು ಯಾರು ಅಂತ ನಾನು ವೇದಿಕೆ ಮೇಲಿಂದ ಮುಖ ನೋಡಿ ನೋಡಿ ಲೆಕ್ಕ ಹಾಕುತ್ತಿದ್ದೆ. ಚಪ್ಪಾಳೆ ತಟ್ಟೋರಿಗೆ ಮುಂದೆ ಒಬ್ಬ ನಿಂತು ಕೈಸನ್ನೆ ಮಾಡುತ್ತಿದ್ದ. ಎಲ್ಲ ಕಾಣುತ್ತಿತ್ತು ನನಗೆ. ಆದರೂ ಸುಳ್ಳು ಯಾಕೆ ಹೇಳಲಿ, ಪಕ್ಷದ ಹಾಡು ಶುರುವಾದಾಗ ನನ್ನ ಕಾಲು ತಾನಾಗೇ ತಾಳ ಹಾಕಿತು. ಹೋದ ಚುನಾವಣೆಯಲ್ಲಿ ಇದೇ ಹಾಡಿಗೆ ನಾನು ಬೀದಿಯಲ್ಲಿ ಬಾವುಟ ಹಿಡಿದು ನಡೆದಿದ್ದೆ. ಆಗ ಎಷ್ಟು ಖುಷಿಯಾಗಿದ್ದೆ. ಮೂಗಿಗೆ ತುಪ್ಪ ಸವರಿದರು ಅಂತ ಗೊತ್ತಿದ್ದೂ ಆ ವಾಸನೆ ಮತ್ತೆ ಬೇಕು ಅನ್ನಿಸುತ್ತಿತ್ತು. ನನ್ನ ಮೇಲೇ ನನಗೆ ಸಿಟ್ಟು ಬಂತು.

ದೊಡ್ಡ ಸಾಹೇಬರು ಬಂದರು. ಹಾರ, ಪೇಟ, ಕೂಗು ಎಲ್ಲ ಆಯಿತು. ಮುಖಂಡ ಅವರನ್ನು ನಮ್ಮ ಮೂಲೆಗೆ ಕರೆತಂದ. ಮಗ್ಗಕ್ಕೆ ಚಪ್ಪಲಿ ಕಾಲು ತಾಗಬಾರದು, ಹೇಗೆ ಹೇಳೋದು ಅಂತ ನಾನು ಒದ್ದಾಡುತ್ತಿದ್ದೆ. ಅವರು ಯಾರೂ ಹೇಳದೆಯೇ ಬೂಟು ಬಿಚ್ಚಿದರು, ಮಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನ್ನ ಮನಸ್ಸು ಮೆತ್ತಗಾಯಿತು. ಕ್ಯಾಮೆರಾ ಎಲ್ಲಿದೆ ಅಂತ ತಿರುಗಿ ನೋಡಿದೆ. ಇತ್ತು, ಅವರ ಕಾಲ ಹತ್ತಿರವೇ ಇತ್ತು. ಆದರೂ ಬೂಟು ಬಿಚ್ಚಿದ್ದು ಬಿಚ್ಚಿದ್ದೇ ಅಲ್ಲವಾ ಅಂದುಕೊಂಡೆ.

"ನೀವು ಏಳ್ರಮ್ಮ, ಸಾಹೇಬ್ರು ಕೂರ್ತಾರೆ," ಅಂದ ಮುಖಂಡ.

ನಾನು ಎದ್ದು ನಿಂತೆ. ಸಾಹೇಬರು ನನ್ನ ಜಾಗದಲ್ಲಿ, ನಮ್ಮನೆಯವರ ಪಕ್ಕದಲ್ಲಿ ಕೂತರು. ಇದು ಮೊದಲೇ ಗೊತ್ತಿದ್ದ ವಿಷಯ. ಹಾಸು ಸ್ವಲ್ಪ ಸಡಿಲ ಬಿಟ್ಟರೆ ನೇಯ್ದ ಹಾಗೆ ಕಾಣುತ್ತದೆ, ಎಳೆ ಕೂರೋದಿಲ್ಲ; ಅವರು ಏನೇ ಎಸೆದರೂ ಸೀರೆಗೆ ಅಪಾಯ ಇರಲಿಲ್ಲ. ನಮ್ಮನೆಯವರು ಉರುಳೆಯ ಗೂಟಕ್ಕೆ ಕೈ ಹಾಕಿ ನನ್ನ ಮುಖ ನೋಡಿದರು. ನಾನು ಬೇಡ ಅಂತ ತಲೆಯಾಡಿಸಿದೆ. ಬಿಗಿ ಹಾಗೇ ಇರಲಿ. ಕೇಳೋಕೆ ಬಂದವರು ನಾವು, ಕಳ್ಳಾಟ ನಮ್ಮ ಕಡೆಯಿಂದ ಬೇಡ.

ಲಾಳಿ ಹೇಗೆ ಹಿಡಿಯೋದು, ಕೊಕ್ಕೆ ಎಲ್ಲಿ ಹಾಕೋದು ಅಂತ ತೋರಿಸಿಕೊಟ್ಟೆ. ಅವರು ಗಮನ ಕೊಟ್ಟೇ ಕೇಳಿದರು. ಮೂರು ಸಲ ಹಾಕಿದರು. ಎಳೆ ಹರಿಯಲಿಲ್ಲ, ಆದರೆ ಮೂರು ಸಲವೂ ಕೊಕ್ಕೆ ತಪ್ಪಿತು. ಕೆಳಗಿನ ಜನ ಕೂಗಿದ ಕೂಗಿಗೆ ಮಗ್ಗದ ಮರ ಅದುರಿತು.

"ಸರಿ ಹಾಕಿದ್ನೇನಮ್ಮ?" ಅಂತ ನಗುತ್ತಾ ಕೇಳಿದರು.

"ಕೊಕ್ಕೆ ತಪ್ತು ಸಾಹೇಬ್ರೆ." ಅಷ್ಟು ಹೇಳಿ, ಮುಂದಿನದನ್ನೂ ಹೇಳಿಬಿಟ್ಟೆ. "ಸಾಹೇಬ್ರೆ, ಮೊಳಕಾಲ್ಮೂರಾಗೆ ಬಣ್ಣದ ಮನೆಗೆ ನೀರು ಕೊಡಿಸ್ತೀನಿ ಅಂದಿದ್ರಿ."

ಅವರು ಕಿವಿ ಕೊಟ್ಟು ಕೇಳಿಸಿಕೊಂಡರು. ಮುಖಂಡನ ಕಡೆ ತಿರುಗಿದರು. "ಅದು ಆಗೈತಲ್ವಾ?"

"ಆಗೈತೆ ಸಾರ್. ನೀವೇ ಉದ್ಘಾಟನೆ ಮಾಡಿದ್ರಲ್ಲ."

"ಮನೆ ಆಗೈತೆ, ನಲ್ಲಿ ಐತೆ. ನೀರು ಬಂದಿಲ್ಲ," ಅಂದೆ ನಾನು.

ಸಾಹೇಬರ ಮುಖದಲ್ಲಿ ನಗು ಸ್ವಲ್ಪ ಇಳಿಯಿತು. ನನ್ನನ್ನು ನೋಡಿದರು, ಮುಖಂಡನನ್ನು ನೋಡಿದರು. ಆಮೇಲೆ ಪಕ್ಕದಲ್ಲೇ ಇದ್ದ ನಮ್ಮನೆಯವರ ಭುಜದ ಮೇಲೆ ಕೈಯಿಟ್ಟು, "ಏನಪ್ಪ ಯಜಮಾನ, ನೀನು ಹೇಳು. ನೀರಿನ ಕೆಲಸ ಆಗೈತೋ ಇಲ್ವೋ?" ಅಂದರು.

ನಮ್ಮನೆಯವರು ಒಂದೇ ಒಂದು ಸಲ "ಇಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಇವರು ಹಾಸಿನ ಮೇಲೆ ಕಣ್ಣು ನೆಟ್ಟು, "ನಡೀತೈತೆ ಸಾರ್," ಅಂದರು.

"ಹಂಗೆ ಹೇಳು ಮತ್ತೆ," ಅಂತ ಸಾಹೇಬರು ಬೆನ್ನು ತಟ್ಟಿ ಎದ್ದರು. ಬೂಟು ಹಾಕಿಕೊಂಡು ಮೈಕಿನ ಕಡೆ ನಡೆದರು. ನಮ್ಮ ಒಂದು ನಿಮಿಷ ಮುಗಿದಿತ್ತು.

ಗಂಡ ಅನ್ನೋದು ಮರೆತು ಅಲ್ಲೇ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತ್ತು. ಆದರೆ ಮೂರು ಎಳೆ ತಪ್ಪಿದ ಸೀರೆ ಕಣ್ಣೆದುರಿಗಿತ್ತು. ಹಾಸು ಒಣಗಿದರೆ ಆ ಎಳೆಗಳನ್ನು ಬಿಡಿಸೋದು ಇನ್ನೂ ಕಷ್ಟ. ಕೂತೆ. ಸೂಜಿ ತಗೊಂಡೆ. ಸಾಹೇಬರು ಕೊನೆಗೆ ಹಾಕಿದ ಎಳೆಯನ್ನು ಮೊದಲು ಸಡಿಲ ಮಾಡಿ, ಅಕ್ಕಪಕ್ಕದ ರೇಷ್ಮೆ ತರಚದ ಹಾಗೆ ಸ್ವಲ್ಪ ಸ್ವಲ್ಪವೇ ಎಳೆಯತೊಡಗಿದೆ.

ಮೈಕಿನಲ್ಲಿ ಸಾಹೇಬರ ದನಿ ಬಂತು. "ಇವತ್ತು ನಾನು ನನ್ನ ಕೈಯಾರೆ ನೇಯ್ದು ಬಂದಿದ್ದೇನೆ." ಚಪ್ಪಾಳೆ. ನಾನು ಒಂದು ಎಳೆ ತೆಗೆದಿದ್ದೆ. ರಸ್ತೆ, ಕೆರೆ, ಶಾಲೆ ಅಂತ ಮಾತು ಹೋಯಿತು. ಎರಡನೇ ಎಳೆ ತೆಗೆದೆ. ಆಗ ಅವರು "ಬಣ್ಣದ ಮನೆ" ಅಂದರು. ನನ್ನ ಕೈ ನಿಂತುಬಿಟ್ಟಿತು. ಇಷ್ಟೆಲ್ಲ ಆದಮೇಲೂ ನಿಂತಿತು ನೋಡಿ. ಈಗ ಹೇಳ್ತಾರೆ, ನೀರು ಬಂದಿಲ್ಲ ಅಂತ ಒಬ್ಬ ಹೆಣ್ಣುಮಗಳು ಕೇಳಿದಳು, ಕೊಡಿಸ್ತೀನಿ ಅಂತ ಹೇಳ್ತಾರೆ ಅಂತ ಕಾದೆ.

"ಬಣ್ಣದ ಮನೆ ಕೊಟ್ಟಿದ್ದೇವೆ. ಕೆಲಸ ನಡೆಯುತ್ತಿದೆ ಅಂತ ಅಗೋ, ಅಲ್ಲಿ ಕೂತಿರೋ ನೇಕಾರ ಬಂಧುವೇ ಈಗ ನನಗೆ ಹೇಳಿದ."

ಸಾವಿರಾರು ಮುಖ ನಮ್ಮ ಕಡೆ ತಿರುಗಿದವು. ದೊಡ್ಡ ಪರದೆಯಲ್ಲಿ ನಮ್ಮನೆಯವರು ಕಾಣಿಸಿದರು. ಇವರು ಕೈ ಮುಗಿದರು. ಪರದೆಯ ಅಂಚಿಗೆ ಸೂಜಿ ಹಿಡಿದ ನನ್ನ ಕೈಯೂ ಕಾಣುತ್ತಿತ್ತು. ಜನ ಅದನ್ನು ನೇಯ್ಗೆ ಅಂದುಕೊಂಡಿರಬೇಕು.

ಊರು ಸೇರಿದೆವು. ಹಾಸನ್ನು ಕುಣಿ ಮಗ್ಗಕ್ಕೆ ವಾಪಸು ಕೂಡಿಸಿದ ಮೇಲೆ ಕೇಳಿದೆ. "ಯಾಕೆ ಹಂಗಂದ್ರಿ?"

"ಮಗ್ಗದ ಮೇಲೆ ಕೂತು ಹೆಂಗೆ ಇಲ್ಲ ಅನ್ಲಿ?"

ಇದು ನಮ್ಮಲ್ಲಿರೋ ನಡಾವಳಿ. ಹಾಸು ಹೂಡಿದ ಮಗ್ಗದಲ್ಲಿ ಕೂತವರು ಇಲ್ಲ ಅನ್ನೋ ಮಾತು ಆಡಬಾರದು. ನೂಲು ಖಾಲಿಯಾದರೆ ನೂಲು ತುಂಬೈತೆ ಅಂತಾರೆ. ಎಳೆ ಹರಿದರೆ ಬಂದೈತೆ ಅಂತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ನನಗೆ ಕಲಿಸಿದ್ದೂ ಇದನ್ನೇ. ಇವರು ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದವರು, ಬಾಯಿಗೆ ಬೇರೆ ಮಾತು ಬರಲಿಲ್ಲ ಅಂದರೆ ನಂಬಬಹುದು. ಆದರೆ ನನ್ನ ಚಾಳಿ ಬಿಡಬೇಕಲ್ಲ.

"ಎದ್ದು ನಿಂತು ಹೇಳ್ಬಹುದಿತ್ತು," ಅಂದೆ. "ನಡಾವಳಿ ಅಡ್ಡ ಬಂತೋ, ಸಾಹೇಬ್ರ ಕೈ ಭುಜದ ಮೇಲೆ ಬಿದ್ದಿದ್ದಕ್ಕೆ ನಾಲಿಗೆ ಬಿದ್ದೋಯ್ತೋ?"

"ಊರುಕೋ," ಅಂದರು. ಇವರ ತಾಯಿ ಆಂಧ್ರದ ಕಡೆಯವರು. ಉತ್ತರ ಇಲ್ಲದಾಗ ಸುಮ್ಮನಿರು ಅನ್ನೋದನ್ನು ಇವರು ತೆಲುಗಿನಲ್ಲೇ ಹೇಳೋದು. ಎಷ್ಟೋ ದಿನ ನಾವಿಬ್ಬರೂ ಪಕ್ಕಪಕ್ಕ ಕೂತು, ಮಾತಿಲ್ಲದೆ ಆ ಸೀರೆ ನೇಯ್ದೆವು. ನನ್ನ ಕಡೆ ಬಂದ ಎಳೆ ನಾನು ವಾಪಸು ಕಳಿಸೋದು, ಅವರ ಕಡೆ ಹೋದದ್ದು ಅವರು ಕಳಿಸೋದು. ಬೀದಿಯ ಹೆಂಗಸರು ನನ್ನನ್ನು ರೇಗಿಸೋದು ಬಿಟ್ಟಿದ್ದರು. ಅದು ಇನ್ನೂ ಕಷ್ಟ ಆಗುತ್ತಿತ್ತು.

ಸೀರೆ ಮುಗಿಯಿತು. ಒಂದು ಸಂದೂ ಬೀಳದ ಹಾಗೆ ಮುಗಿಯಿತು. ಸೆರಗಿನ ಕಡೆಯ ಎಳೆಗಳನ್ನು ಕತ್ತರಿಸಿ ಇಳಿಸೋ ದಿನ ರಾಂಪುರದಿಂದ ಮದುವಣಗಿತ್ತಿಯ ತಾಯಿ ಬಂದರು. ಸೀರೆಯನ್ನು ಚಾಪೆಯ ಮೇಲೆ ಹಾಸುತ್ತಿದ್ದ ಹಾಗೇ ಮಂಡಿಯೂರಿ ಕೂತು, "ಸಾಹೇಬ್ರು ನೇಯ್ದಿದ್ದು ಎಲ್ಲಿ ಬಂದೈತೆ, ತೋರ್ಸು ತಾಯಿ," ಅಂದರು. "ಟೀವೀಲಿ ನೋಡಿದ್ವಿ. ಬೀಗರ ಮನೇಲೆಲ್ಲ ಹೇಳಿಬಿಟ್ಟೀವಿ."

ಅಷ್ಟು ಸುಲಭಕ್ಕೆ ಯಾಕೆ ಒಪ್ಪಿದ್ದರು ಅಂತ ಈಗ ಗೊತ್ತಾಯಿತು. ನಾನು ಬಾಯಿ ತೆರೆಯೋ ಮೊದಲೇ ನಮ್ಮನೆಯವರು ಕುಣಿಯಿಂದ ಕಾಲು ತೆಗೆದರು. ಮಗ್ಗ ಬಿಟ್ಟು ಎದ್ದು, ಹೊಸ್ತಿಲ ತನಕ ಬಂದು ನಿಂತರು.

"ಇಲ್ಲ ಅಮ್ಮಾರೆ," ಅಂದರು. "ಅವರು ಹಾಕಿದ್ದು ಇದರಾಗೆ ಇಲ್ಲ. ಮೂರೂ ಎಳೆ ತಪ್ಪಿತ್ತು, ಇವಳು ಅಲ್ಲೇ ಬಿಚ್ಚಿ ತೆಗೆದಳು."

ಇಷ್ಟು ದಿನ ಇವರ ಮೇಲೆ ಕಟ್ಟಿಕೊಂಡಿದ್ದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

ಆಯಮ್ಮ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಸುಮ್ನಿರಪ್ಪ, ನಮಗೇ ಆಟ ಆಡಿಸ್ತೀಯ. ಕಣ್ಣಾರೆ ನೋಡೀವಿ ನಾವು. ಇಲ್ಲ ಅಂದ್ರೆ ಇಲ್ಲ ಆಗ್ತೈತಾ?"

"ನಿಜಾನೇ ಹೇಳ್ತಾ ಇದಾರೆ," ಅಂದೆ ನಾನು. ಅವರು ಕೇಳಿಸಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಬಲ ಅಂಚಿನ ಉದ್ದಕ್ಕೂ ಬೆರಳು ಆಡಿಸುತ್ತಾ ಹೋದರು. ಸೀರೆಯ ನಡುಭಾಗಕ್ಕೆ ಬಂದು ಒಂದು ಕಡೆ ನಿಲ್ಲಿಸಿದರು. ಅಲ್ಲಿ ಜರಿ ಕೊಂಚ ಹೊಳೆಯುತ್ತಿತ್ತು.

"ಇದೇ," ಅಂದರು. "ನೋಡಿದ ಕೂಡಲೇ ಗೊತ್ತಾಗ್ತೈತೆ. ದೊಡ್ಡೋರ ಕೈ." ಫೋನು ತೆಗೆದು ಹತ್ತಿರದಿಂದ ಎರಡು ಫೋಟೋ ಹೊಡೆದರು, ಸೀರೆಯನ್ನು ಎದೆಗವಚಿಕೊಂಡು ಹೊರಟರು.

ಅವರು ಬೆರಳಿಟ್ಟ ಜಾಗದಲ್ಲಿ ಇದ್ದದ್ದು ನನ್ನ ಎಳೆ.